ಮೈಕಿನಲ್ಲಿ ಓದಿದ ಪತ್ರ

ಎರಡು ವರ್ಷ, ಪ್ರತಿ ಶನಿವಾರ, ಚನ್ನಪಟ್ಟಣದಿಂದ ಬಸ್ಸು ಹಿಡಿದು ನಮ್ಮ ಕಡೆಯ ಒಂದು ರಿಮ್ಯಾಂಡ್ ಹೋಮಿಗೆ ಚಿತ್ರ ಕಲಿಸಲು ಹೋಗುತ್ತಿದ್ದೆ. ಅಲ್ಲಿನ ಸೂಪರಿಂಟೆಂಡೆಂಟರಿಗೆ ಕಲೆಯೆಂದರೆ ನವಿಲು. "ಗೋಡೆ, ಬೀಗ ಎಲ್ಲ ಬರೆಸಬೇಡಿ ಮೇಡಂ, ನೆಗೆಟಿವ್ ಆಗುತ್ತೆ" ಎಂದು ಮೊದಲ ದಿನವೇ ಎಚ್ಚರಿಸಿದ್ದರು. ಅವರ ಕೋಣೆಯ ಗೋಡೆಯ ಮೇಲೆ ಎಷ್ಟು ನವಿಲುಗಳಿದ್ದವೆಂದರೆ, ಒಂದಕ್ಕೂ ಗರಿ ಬಿಚ್ಚಲು ಜಾಗವಿರಲಿಲ್ಲ.

ನಾನು ಹುಡುಗರಿಗೆಲ್ಲ ಒಂದೊಂದು ನೋಟ್‌ಬುಕ್ ಕೊಟ್ಟೆ. ಕಂಡದ್ದು ಬಿಡಿಸಿ, ಅನ್ನಿಸಿದ್ದು ಬರೆಯಿರಿ, ಯಾರೂ ಓದುವುದಿಲ್ಲ ಎಂದು ಮಾತು ಕೊಟ್ಟೆ. ಅವನ್ನಿಡುವ ಕಚೇರಿ ಬೀರುವಿನ ಬೀಗದ ಕೈ ಯಾರ ಬಳಿ ಇದೆಯೆಂದು ಯೋಚಿಸಲಿಲ್ಲ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆಂಬ ಜಂಬ ಬೇರೆ.

ಮಾಗಡಿ ಕಡೆಯ ಹುಡುಗನೊಬ್ಬ ಬೈಕ್ ಕದ್ದ ಕೇಸಿನಲ್ಲಿ ಬಂದಿದ್ದ. ಮೊದಮೊದಲು ಬಾಗಿಲ ಬಳಿ ಬಿಟ್ಟ ಚಪ್ಪಲಿಗಳನ್ನಷ್ಟೇ ಬಿಡಿಸುತ್ತಿದ್ದ. ನೋಡಿದರೆ ಯಾರ ಚಪ್ಪಲಿಯೆಂದು ಹೇಳಬಹುದಿತ್ತು. ಆಮೇಲೆ ಅದೇ ನೋಟ್‌ಬುಕ್ಕಿನಲ್ಲಿ, ಬಿಡದಿಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯುವ ತಾಯಿಗೆ ಪತ್ರ ಬರೆಯತೊಡಗಿದ. ಕಳಿಸಲು ಬರೆದ ಪತ್ರಗಳಲ್ಲ ಅವು.

ದೊಡ್ಡ ಅಧಿಕಾರಿಯೊಬ್ಬರು ಬರುವ ದಿನ ಶಾಮಿಯಾನ, ಮೈಕು, 'ಮನಪರಿವರ್ತನೆ' ಎಂಬ ಬ್ಯಾನರು. ನೋಟ್‌ಬುಕ್‌ಗಳೆಲ್ಲ ಮೇಜಿನ ಮೇಲೆ. ಅಧಿಕಾರಿ ಅವನದನ್ನೇ ಎತ್ತಿ ಮೈಕಿನಲ್ಲಿ ಓದಿದರು: "ಅವ್ವಾ, ಇಲ್ಲಿಗೆ ಬಂದ್ಮೇಲೆ ಚಿಕ್ಕೋನಂಗೆ ಹಾಸಿಗೇಲಿ ಉಚ್ಚೆ ಉಯ್ಕತೀನಿ. ಯಾರ್ಗೂ ಯೋಳ್ಬ್ಯಾಡ." ಹುಡುಗರು ಗೊಳ್ಳೆಂದರು. ಅಧಿಕಾರಿ ಕರವಸ್ತ್ರ ತೆಗೆದು, ಫೋಟೋದವನು ಸಿದ್ಧನಾಗುವವರೆಗೂ ಕಣ್ಣೊರೆಸಿಕೊಂಡರು. ನನಗೆ ಶಾಲು ಹೊದಿಸಿದರು. ಹೊದಿಸಿಕೊಂಡೆ. ಜಾರದಿರಲೆಂದು ತಲೆಯನ್ನೂ ಬಗ್ಗಿಸಿದೆ.

ಮುಂದಿನ ಶನಿವಾರ ಆ ಹುಡುಗ ನೇರ ಬಂದು ಎದುರಿಗೆ ನಿಂತ.

"ಯಾರೂ ಓದಕಿಲ್ಲ ಅಂತ ನೀವೇ ಅಲ್ವಾ ಯೋಳಿದ್ದು?"

"ತಪ್ಪಾಯ್ತು ಕಣಪ್ಪ."

"ಶಾಲು ಬೆಚ್ಚಗೈತಾ ಮಿಸ್?"

ಅವನೇ ಕೈ ಚಾಚಿದ. "ನಿಮ್ ಬುಕ್ಕು ಒಸಿ ಕೊಡಿ, ಈಗ ನಾನೋದ್ತೀನಿ" ಎಂದ. ಹುಡುಗರನ್ನು ನೋಡಿ ಬಿಡಿಸಿ, ಪಕ್ಕದಲ್ಲಿ ನಾನು ಟಿಪ್ಪಣಿ ಬರೆಯುತ್ತಿದ್ದ ಪುಸ್ತಕವದು. ಕೊಟ್ಟೆ. ತನ್ನ ಚಿತ್ರ ಹುಡುಕಿ, ಕೆಳಗಿದ್ದುದನ್ನು ಎಲ್ಲರಿಗೂ ಕೇಳುವಂತೆ ಓದಿದ: "ಕಣ್ಣಿನಲ್ಲೇ ಕಳ್ಳತನ. ಇವನಿರುವಾಗ ಪರ್ಸ್ ಹತ್ತಿರ ಇಟ್ಟುಕೊಳ್ಳಬೇಕು."

ಈ ಸಲ ಯಾರೂ ನಗಲಿಲ್ಲ. "ಮೂಗೂ ಸರಿಯಾಗ್ ಬರ್ದಿಲ್ಲ" ಎಂದು ಪುಸ್ತಕ ಹಿಂದಿರುಗಿಸಿದ. ಅಧಿಕಾರಿಯನ್ನು ವಾರವಿಡೀ ಬಯ್ದುಕೊಂಡಿದ್ದ ನನಗೆ ಬಯ್ಯಲು ಇನ್ನೊಬ್ಬಳು ಸಿಕ್ಕಳು.

ಜಾಮೀನು ಸಿಕ್ಕಿ ಹೊರಟ ಶನಿವಾರ ಅವನು ನೋಟ್‌ಬುಕ್ ಕೇಳಿದ. ಅದು ಕಚೇರಿಯ ದಾಖಲೆ, ಕೊಡಲಾಗದು ಎಂದರು ಸೂಪರಿಂಟೆಂಡೆಂಟರು. ತೆರೆದೇ ಇದ್ದ ಬೀರುವಿನಿಂದ ನಾನು ಅದನ್ನು ತೆಗೆದು, ಅವರೆದುರೇ ಅವನ ಕೈಗಿಟ್ಟೆ. ಇನ್ನು ಮುಂದೆ ತಾವು ಬರಬೇಕಾಗಿಲ್ಲ ಎಂದರು, ಬಹಳ ಮರ್ಯಾದೆಯಿಂದ.

ಅವನು ವರಾಂಡದಲ್ಲೇ ನಿಂತು ಪತ್ರದ ಹಾಳೆಗಳನ್ನು ಚೂರುಚೂರು ಹರಿದ. ಮಿಕ್ಕದ್ದನ್ನು, ಕರೆದೊಯ್ಯಲು ಬಂದಿದ್ದ ತಾಯಿಯ ಬ್ಯಾಗಿಗೆ ತುರುಕಿದ.

"ಏನ್ಲಾ ಅದು?" ಎಂದಳು ಅವಳು.

"ಚಿತ್ರ ಕಣವ್ವ. ನಡಿ, ಬಸ್ಸು ಹೊಂಟೋಯ್ತದೆ."