ರೊಟ್ಟಿ ಬಡಿತದ ಕ್ಯಾಸೆಟ್

ಕಾದ ಬೆಸುಗೆ ಕಡ್ಡಿಗೆ ರಾಳ ತಾಗಿದರೆ ಒಂದು ವಾಸನೆ ಬರುತ್ತದೆ. ಧೂಪದಂತೆಯೂ ಇರುತ್ತದೆ, ಸುಟ್ಟ ವೈರಿನಂತೆಯೂ ಇರುತ್ತದೆ. ಹೋದ ಬೇಸಿಗೆಯಲ್ಲಿ ರಾಯಚೂರಿನ ಮಾಳಿಗೆಯ ಕೋಣೆಯಲ್ಲಿ ನನ್ನ ಮೊಮ್ಮಗಳ ಗೆಳತಿ ಹಳೆಯ ಟೇಪ್‌ರೆಕಾರ್ಡರಿನ ಹೊಟ್ಟೆ ಬಿಚ್ಚಿಕೊಂಡು ಬೆಸುಗೆ ಹಾಕುತ್ತಿದ್ದಳು. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ನಾನು ರಾಯಚೂರಿನಲ್ಲಿ ಇರಲೇ ಇಲ್ಲ. ಮಾನ್ವಿ ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಟೇಪಿನ ಅಂಗಡಿಯಲ್ಲಿ, ತಲೆ ಮೇಲೆ ಸೆರಗು ಎಳೆದುಕೊಂಡು, ಮೂವತ್ತು ವರ್ಷಕ್ಕೂ ಹಿಂದಿನ ಸೊಸೆಯಾಗಿ ನಿಂತಿದ್ದೆ…

ಆ ಅಂಗಡಿಯವರ ವಿಷಯ ಬರೆಯಲೆಂದೇ ಕೂತಿದ್ದೇನೆ. ಆದರೆ ಮೊದಲು ಈ ಹುಡುಗಿಯರ ವಿಷಯ ಹೇಳದಿದ್ದರೆ ನನಗೆ ಉಂಡ ಅನ್ನ ಕರಗುವುದಿಲ್ಲ. ನಾನು ಮೂರನೆಯ ಈಯತ್ತೆ ಕಲಿತವಳು, ಅಕ್ಷರ ಅಲ್ಲಲ್ಲಿ ಎಡವಿದರೆ ನಡೆಸಿಕೊಳ್ಳಿ.

ಮೊಮ್ಮಗಳೂ ಅವಳ ಗೆಳತಿಯೂ ಸೇರಿ ಹಾಡು ಮಾಡುತ್ತಾರೆ. ಹಾಡುತ್ತಾರೆ ಅಂದಿಲ್ಲ ನಾನು, ಮಾಡುತ್ತಾರೆ. ಒಂದು ಲ್ಯಾಪ್‌ಟಾಪು, ಮೊಣಕೈ ಉದ್ದದ ಒಂದು ಕೀಬೋರ್ಡು, ಒಂದು ಮೈಕು. ತಬಲಾ ಇಲ್ಲ, ಹಾರ್ಮೋನಿಯಂ ಇಲ್ಲ. ಅಕ್ಕಿ ಮಿಲ್ಲಿನ ಮುಂದೆ ನಿಂತು ಅದರ ಸಪ್ಪಳ ಹಿಡಿದು ತರುತ್ತಾರೆ, ಮೊರದಲ್ಲಿ ಕಾಳು ಕೇರುವ ಸಪ್ಪಳ ತರುತ್ತಾರೆ, ಅದನ್ನೆಲ್ಲ ಕತ್ತರಿಸಿ, ಜೋಡಿಸಿ, ಕುಣಿಯುವಂತೆ ಮಾಡುತ್ತಾರೆ. ಕೋಣೆಯಲ್ಲಿ ದನಿ ಮೊಳಗಬಾರದೆಂದು ನಾಲ್ಕೂ ಗೋಡೆಗೆ ನಾನು ಹೊಲಿದ ಕೌದಿಗಳನ್ನೇ ತೂಗುಹಾಕಿದ್ದಾರೆ! ಹಾಡು ಮುಗಿದ ಮೇಲೆ ಯಾರನ್ನೂ ಕೇಳದೆ, ಯಾವ ಕಂಪನಿಯ ಬಾಗಿಲಿಗೂ ಹೋಗದೆ, ತಾವೇ ಜಗತ್ತಿಗೆ ಬಿಡುತ್ತಾರೆ. ಒಬ್ಬರು ಯಾರೋ ಫೋನು ಮಾಡಿ, ಹಾಡು ಚೆನ್ನಾಗಿದೆ, ಭಾಷೆ ಸ್ವಲ್ಪ ತಿದ್ದಿಕೊಂಡರೆ ನಾವೇ ತರುತ್ತೇವೆ ಅಂದರಂತೆ. "ನಮ್ಮಜ್ಜಿ ಮಾತಾಡೋ ಭಾಷಾರೀ ಅದು, ತಿದ್ದಾಕ ಅದಕ್ಕೇನ್ ರೋಗ ಬಂದದ?" ಅಂದು ಫೋನು ಇಟ್ಟಳಂತೆ ನಮ್ಮ ಹುಡುಗಿ. ಅದನ್ನು ಕೇಳಿದ ದಿನ ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ಈ ಎದೆಗಾರಿಕೆಯನ್ನು ನಾನು ಮೊದಲು ನೋಡಿದ್ದು ಮಾನ್ವಿಯ ಆ ಮನುಷ್ಯರಲ್ಲಿ.

ಊರಿಗೆಲ್ಲ ಅವರು ಚಾಚಾ. ಬಡಕಲು ಮೈ, ಕಿವಿಯ ಮೇಲೆ ಸದಾ ಒಂದು ಪೆನ್ಸಿಲ್. ಕ್ಯಾಸೆಟ್ಟಿನ ರೀಲು ಸಡಿಲಾದರೆ ಅದೇ ಪೆನ್ಸಿಲ್ ತೂರಿಸಿ ತಿರುವಿ ಬಿಗಿ ಮಾಡುತ್ತಿದ್ದರು. ರೇಡಿಯೊ ರಿಪೇರಿಯೂ ಅವರದೇ, ಹಾಡು ತುಂಬಿಕೊಡುವುದೂ ಅವರದೇ. ನಾನು ಕಲ್ಲೂರಿನ ದೊಡ್ಡ ಮನೆತನದ ಹಿರಿಯ ಸೊಸೆ. ನೆಗೆಣ್ಣಿ ನನಗಿಂತ ಚಿಕ್ಕವಳು, ಮೈದುನನ ಹೆಂಡತಿ. ಒಂದು ಸಂತೆಯ ದಿನ ಮನೆಯ ರೇಡಿಯೊ ರಿಪೇರಿಗೆ ಕೊಟ್ಟು ಇಬ್ಬರೂ ಬೆಂಚಿನ ಮೇಲೆ ಕಾಯುತ್ತಿದ್ದೆವು. ಕೂತಲ್ಲೇ ಮೆಲ್ಲಗೆ ಗುನುಗಿಕೊಂಡಿದ್ದೇವೆ, ನಮಗೇ ಗೊತ್ತಿಲ್ಲ. ಚಾಚಾ ಬೆಸುಗೆಯ ಕಡ್ಡಿ ಕೆಳಗಿಟ್ಟರು.

"ಅದು ಯಾವ ಪಿಚ್ಚರಿನ ಹಾಡು, ಬೇಟಿ?"

"ಪಿಚ್ಚರಿಂದಲ್ರಿ ಚಾಚಾ, ನಮ್ದ. ರೊಟ್ಟಿ ಬಡಿಯಾಗ ಹಾಡಿಕೋತೀವಿ," ಅಂದಳು ನೆಗೆಣ್ಣಿ. ಅವಳಿಗೆ ಬಾಯಿ ಜಾಸ್ತಿ.

"ಮತ್ತ ನನ್ನ ಅಂಗಡ್ಯಾಗ ಯಾಕ ಇಲ್ಲ ಅದು?" ಅಂದರು, ಏನೋ ಕಳವಾದವರ ಹಾಗೆ.

ಮೈಕು ಮುಂದಿಟ್ಟರು. ನಾವು ಬಾಯಿ ತೆರೆದೆವು. ಒಂದು ಅಕ್ಷರ ಹೊರಡಲಿಲ್ಲ! ಹುಟ್ಟಿದಾಗಿನಿಂದ ಬೀಸುತ್ತ, ಕೇರುತ್ತ, ಬಡಿಯುತ್ತ ಹಾಡಿದವರು ನಾವು. ಸುಮ್ಮನೆ ಕೂತು ಹಾಡಿದವರಲ್ಲ. ಮೂರು ಸಲ ಶುರು ಮಾಡಿ ಮೂರು ಸಲವೂ ಮೊದಲ ಸಾಲಿಗೇ ನಿಂತುಹೋಯಿತು. ಕೊನೆಗೆ ನೆಗೆಣ್ಣಿ ಅಂದಳು: "ಕೈ ಖಾಲಿ ಅದಾವ್ರಿ ಚಾಚಾ. ಕೈ ಖಾಲಿ ಇದ್ರ ಬಾಯಿಗೆ ಹೆಂಗ ಬರಬೇಕು?"

ಬೇರೆ ಯಾರಾದರೂ ಆಗಿದ್ದರೆ ನಕ್ಕು ಕಳಿಸಿಬಿಡುತ್ತಿದ್ದರು. ಅವರು ನಗಲಿಲ್ಲ. ಅಂಗಡಿಯ ಹಿಂದೆಯೇ ಮನೆ. ಒಳಗೆ ಕೂಗಿ, ಹೆಂಡತಿಯಿಂದ ಜೋಳದ ಹಿಟ್ಟು, ನೀರು, ರೊಟ್ಟಿ ಬಡಿಯುವ ಎರಡು ಅಗಲ ಪರಾತ ತರಿಸಿದರು. ರೇಡಿಯೊಗಳ ನಡುವೆ ಜಾಗ ಮಾಡಿಕೊಟ್ಟು, ನಮ್ಮ ಕೈಗಳ ಹತ್ತಿರಕ್ಕೆ ಮೈಕು ಬಗ್ಗಿಸಿದರು. ಅವಳ ಏಟು ಮುಗಿದಲ್ಲಿ ನನ್ನದು, ನನ್ನದು ಮುಗಿದಲ್ಲಿ ಅವಳದು. ಕೈ ಓಡಿದ್ದೇ, ದನಿ ತಾನಾಗಿ ಬಂತು.

ಉಂಡವರ ಹೆಸರ ಊರಿಗೆಲ್ಲ ಗೊತ್ತ,
ಬಡದವರ ಹೆಸರ ಒಲಿಗಷ್ಟ ಗೊತ್ತ…
ಉಪ್ಪ ಕಮ್ಮೆಂದ ಮಾವಯ್ಯ, ನಿನ್ನ
ಕೈಗೊಂದ ಹಿಡಿ ಹಿಟ್ಟ ಕೊಡತೀವಿ ಬಾ…

ನಡುವೆ ನೆಗೆಣ್ಣಿಯ ರೊಟ್ಟಿ ಹರಿಯಿತು. ಅವಳು ಕಿಸಕ್ಕನೆ ನಕ್ಕಳು. ಆ ನಗೆಗೆ ನನಗೂ ನಗೆ ಬಂತು. ಮುಗಿದ ಮೇಲೆ ಚಾಚಾ ಕೇಳಿದರು, ಆ ನಗು ಇರಲೋ, ತೆಗೆಯಲೋ ಎಂದು. ನಮ್ಮನ್ನು ಕೇಳಿದರು! ಹಿಟ್ಟು ಎಷ್ಟು ಹಾಕಲಿ, ಸಾರು ಯಾವುದು ಮಾಡಲಿ ಎಂದು ನಾವೇ ದಿನಾ ಎಲ್ಲರನ್ನೂ ಕೇಳಿ ಬದುಕಿದವರು. ಇರಲಿ ಬಿಡ್ರಿ ಅಂದೆವು. ಆ ರೊಟ್ಟಿಗಳನ್ನು ಅವರ ಹೆಂಡತಿ ಹಂಚಿನ ಮೇಲೆ ಸುಟ್ಟು ಕೊಟ್ಟರು. ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ನಾಲ್ಕೂ ಜನ ಅಲ್ಲೇ ತಿಂದೆವು.

ಚಾಚಾ ಅದರ ನಕಲು ತೆಗೆದು ಕೇಳಿದವರಿಗೆಲ್ಲ ಕೊಟ್ಟರು. ಟೆಂಪೊದವರು ಹಚ್ಚಿದರು, ಚಹಾದ ಹೋಟೆಲ್ಲಿನವರು ಹಚ್ಚಿದರು. ಒಂದು ದಿನ ನಮ್ಮ ಮಾವ ಆ ಹೋಟೆಲ್ಲಿನಲ್ಲಿ ಚಹಾ ಕುಡಿಯುತ್ತಿದ್ದರು. ಮಾವಯ್ಯನ ಸಾಲು ಬಂದಾಗ ಇಡೀ ಹೋಟೆಲ್ಲು ನಕ್ಕಿತಂತೆ. ದನಿ ಯಾರದೆಂದು ಅವರಿಗೆ ಗೊತ್ತಾಯಿತು. ಎದ್ದವರೇ ನೇರ ಟೇಪಿನ ಅಂಗಡಿಗೆ ಹೋಗಿ, ಹೊರಗಿನ ನಕಲನ್ನೆಲ್ಲ ನಾನು ನೋಡಿಕೊಳ್ಳುತ್ತೇನೆ, ನೀನು ಮೂಲದ ಕ್ಯಾಸೆಟ್ಟು ತೆಗೆ, ನನ್ನ ಕಣ್ಣ ಮುಂದೆ ಅಳಿಸು ಅಂದರಂತೆ.

"ಹಾಡಿದವ್ರು ಬಂದು ಹೇಳಲಿ ಯಜಮಾನ್ರೇ, ಅಳಸ್ತೀನಿ. ಕೇಳಿದವ್ರು ಹೇಳಿದ್ರ ಅಳಸಂಗಿಲ್ಲ. ಇದು ನನ್ನ ಅಂಗಡಿ ಕಾನೂನು."

ನಮ್ಮ ಮಾವನ ಎದುರು ಹಾಗೆ ಮಾತಾಡಿದವರನ್ನು ನಾನು ಕೇಳಿರಲೂ ಇಲ್ಲ. ಮರುದಿನ ಮಾವ ನನ್ನನ್ನು ಕರೆದುಕೊಂಡು ಹೋದರು. ನೆಗೆಣ್ಣಿಯನ್ನು ಬೇಕೆಂದೇ ಬಿಟ್ಟರು. ದಾರಿಯುದ್ದಕ್ಕೂ ಒಂದೇ ಮಾತು: "ಅಳಸ್ರಿ ಅನ್ನು. ಅಷ್ಟ ಅನ್ನು."

ಅಂದೆ. ತಲೆ ತಗ್ಗಿಸಿಕೊಂಡು, ನನ್ನ ಈ ಬಾಯಿಂದಲೇ, ಅಳಸ್ರಿ ಅಂದೆ.

ಚಾಚಾ ಒಳಗೆ ಹೋದರು. ಆಮೇಲೆ ಕ್ಯಾಸೆಟ್ಟು ತಂದು ನನ್ನ ಕೈಯಲ್ಲಿಟ್ಟು, "ನೀವ ಮಷೀನಿಗೆ ಹಾಕ್ರಿ," ಅಂದರು. ನಾನು ಹಿಡಿದುಕೊಂಡೇ ನಿಂತೆ. ಕೈ ಮುಂದಕ್ಕೆ ಹೋಗಲಿಲ್ಲ, ಬೆರಳು ಬಿಚ್ಚಲಿಲ್ಲ. ಮಾವ ಗದರಿದರು. ಚಾಚಾ ನನ್ನ ಬೆರಳುಗಳ ನಡುವಿನಿಂದ ಅದನ್ನು ಮೆಲ್ಲಗೆ ಬಿಡಿಸಿಕೊಂಡು, ನಮಗೆ ಬೆನ್ನು ಮಾಡಿ, ಮಷೀನಿಗೆ ಹಾಕಿ ಗುಂಡಿ ಒತ್ತಿದರು. ರೀಲು ಪೂರ್ತಿ ತಿರುಗುವವರೆಗೂ ಮಾವ ಅಲ್ಲೇ ಕೂತಿದ್ದರು. ತಿರುಗಿಸಿ ಹಚ್ಚಿ ಕೇಳಿದರೆ ಬರೀ ಸುಯ್ಯೆನ್ನುವ ಸದ್ದು. ಆವತ್ತು ಮನೆಗೆ ಬಂದು ನಾನು ಬಡಿದ ರೊಟ್ಟಿ ಒಂದೂ ದುಂಡಗಾಗಲಿಲ್ಲ.

ನೆಗೆಣ್ಣಿ ನನ್ನ ಜೊತೆ ಎಂಟು ದಿನ ಮಾತು ಬಿಟ್ಟಳು.

ಎಷ್ಟೋ ತಿಂಗಳಾದ ಮೇಲೆ ಸಂತೆಯಲ್ಲಿ ಚಾಚಾ ಅವರ ಹೆಂಡತಿ ಸಿಕ್ಕರು. ನನ್ನ ಕಾಯಿಪಲ್ಯದ ಚೀಲದೊಳಗೆ ಒಂದು ಅರಿವೆಯ ಗಂಟು ತುರುಕಿದರು. ಒಳಗೆ ಕ್ಯಾಸೆಟ್ಟು, ನಮ್ಮದೇ. ಆವತ್ತು ಬೆನ್ನು ಮಾಡಿ ನಿಂತಾಗ ಮಷೀನಿಗೆ ಹಾಕಿದ್ದು ಖಾಲಿ ಕ್ಯಾಸೆಟ್ಟಂತೆ! ಕ್ಯಾಸೆಟ್ಟಿನ ಬೆನ್ನಿಗೆ ಎರಡು ಸಣ್ಣ ಪ್ಲಾಸ್ಟಿಕ್ಕಿನ ಚೂರು ಇರುತ್ತವೆ. ಅವನ್ನು ಮುರಿದರೆ ಅದರ ಮೇಲೆ ಬೇರೆ ದನಿ ಕೂಡುವುದಿಲ್ಲ, ಇದ್ದದ್ದು ಅಳಿಯುವುದಿಲ್ಲ. ನಮ್ಮ ಕ್ಯಾಸೆಟ್ಟಿನ ಎರಡೂ ಚೂರನ್ನು ಮುರಿದು ಕಳಿಸಿದ್ದರು.

"ಬಾಯಿ ಅಳಸು ಅಂತು, ಕೈ ಬ್ಯಾಡ ಅಂತು. ನಾ ಕೈ ಮಾತು ಕೇಳೀನಿ, ತಪ್ಪಾಗಿದ್ರ ಮಾಫ್ ಮಾಡು ಅಂತ ಹೇಳಂದಾರ," ಅಂದರು ಆ ತಾಯಿ.

ತಪ್ಪಂತೆ… ಅವರದು!

ಅಡುಗೆಮನೆಯ ಬಾಗಿಲು ಹಾಕಿಕೊಂಡು ನೆಗೆಣ್ಣಿಗೆ ತೋರಿಸಿದೆ. ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು, ಅತ್ತಳು. ಜೋಳದ ಚೀಲದ ತಳದಲ್ಲಿ ಬಚ್ಚಿಟ್ಟೆವು. ಕೇಳುವ ಧೈರ್ಯ ಆಗಲಿಲ್ಲ. ಮನೆಯಲ್ಲಿದ್ದ ಒಂದೇ ಟೇಪು ಮಾವನ ಮಂಚದ ತಲೆಗೆ ಇತ್ತು. ಹಾಗೇ ವರ್ಷಗಳು ಹೋದವು. ಮಾವ ಹೋದರು, ಅಷ್ಟೊತ್ತಿಗೆ ಆ ಟೇಪೂ ಕೆಟ್ಟು ಮೂಲೆ ಸೇರಿತ್ತು. ನಮ್ಮ ಯಜಮಾನರು ಹೋದರು. ಮೂರು ವರ್ಷದ ಹಿಂದೆ ನೆಗೆಣ್ಣಿಯೂ ಹೋದಳು. ನಾನು ದೇವದುರ್ಗಕ್ಕೆ, ಮಗಳ ಮನೆಗೆ ಬಂದೆ. ಕ್ಯಾಸೆಟ್ಟು ನನ್ನ ಟ್ರಂಕಿನಲ್ಲಿ ಬಂತು. ಹೋದ ಬೇಸಿಗೆ ಕೌದಿ ತೆಗೆಯಲು ಹೋದ ಮೊಮ್ಮಗಳು ಅದನ್ನು ಎತ್ತಿಕೊಂಡು, ಇದೇನಜ್ಜಿ ಅಂದಳು. ಹೇಳಿದೆ. ಅವತ್ತೇ ನನ್ನನ್ನೂ ಕ್ಯಾಸೆಟ್ಟನ್ನೂ ರಾಯಚೂರಿಗೆ ಹೊತ್ತುಕೊಂಡು ಹೋದಳು.

ಬೆಸುಗೆಯ ಹೊಗೆ ಆರಿತು. ಗೆಳತಿ ಗುಂಡಿ ಒತ್ತಿದಳು. ಮೊದಲು ಸುಯ್ಯೆಂದಿತು. ಆಮೇಲೆ ರೊಟ್ಟಿ ಬಡಿತ… ಅವಳದು, ನನ್ನದು, ಅವಳದು, ನನ್ನದು. ಹುಡುಗಿಯರಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. "ದಾದೀ, ಈ ತಾಳ ಹುಡಕ್ಕೊಂತ ನಾವು ಒಂದು ವರ್ಷದಿಂದ ತಿರಗಾಕತ್ತೀವಿ!" ಅಂದಳು ಗೆಳತಿ. ಅವರ ಮನೆಯಲ್ಲಿ ಅಜ್ಜಿಗೆ ದಾದಿ ಅನ್ನುತ್ತಾರೆ, ನನಗೂ ಹಾಗೇ.

ಇಪ್ಪತ್ತು ದಿನ ಮಾಡಿದರು. ಬಡಿತದ ಕೆಳಗೆ ಮಿಲ್ಲಿನ ಗುಡುಗು ಇಟ್ಟರು, ನಮ್ಮ ದನಿಯ ಹಿಂದೆ ಅದೆಂಥದೋ ಮಷೀನಿನ ದನಿ ತಂದರು, ಗಾಳಿ ತುಂಬಿದ ಹಾಗೆ. ನಗುವನ್ನು ಇರುವಲ್ಲೇ ಇಟ್ಟರು. ಜಗತ್ತಿಗೆ ಬಿಟ್ಟರು. ಎಲ್ಲೆಲ್ಲಿಯವರೋ ಕೇಳಿದರು, ಕುಣಿದು ತೋರಿಸಿದರು. ಈ ವಯಸ್ಸಿನಲ್ಲಿ ಒಬ್ಬಳೇ ಬಚ್ಚಲಲ್ಲಿ ನಾನೂ ಕುಣಿದಿದ್ದೇನೆ, ಬಿಡಿ!

ವಾರದೊಳಗೆ ಕಲ್ಲೂರಿನಿಂದ ಮೈದುನ ರಾಯಚೂರಿನ ಆ ಕೋಣೆಗೇ ಬಂದ. ಈಗ ಮನೆತನಕ್ಕೆ ಅವನೇ ಹಿರಿಯ, ದನಿಯೂ ಮಾವನದೇ. ಚಪ್ಪಲಿ ಬಿಡುವ ಮೊದಲೇ ಶುರು ಮಾಡಿದ.

"ನನ್ನ ಹೆಣ್ತಿ ಸತ್ತು ಮಣ್ಣಾಗ್ಯಾಳ. ಆಕಿ ದನಿ ತಗೊಂಡು ಢಂ ಢಂ ಕುಣಸಾಕತ್ತೀರೇನು? ಅದೂ ನಮ್ಮಪ್ಪನ ಮ್ಯಾಲಿನ ಹಾಡು! ಮೊದಲು ತಗೀರಿ ಅದನ್ನ."

ಮೊಮ್ಮಗಳು ಹೆದರಲಿಲ್ಲ. ಫೋನು ತೆಗೆದು, ಹಾಡು ಇರುವ ಜಾಗ ತೆರೆದು, ನನ್ನ ಕೈಯಲ್ಲಿಟ್ಟಳು. "ಇಲ್ಲಿ ಒತ್ತಿದ್ರ ಅಳಸಿ ಹೋಗತದ ಅಜ್ಜಿ. ಹಾಡಿದಾಕಿ ನೀ. ನೀ ಹೇಳಿದ್ರ ತಗೀತೀವಿ. ಸಣ್ಣಜ್ಜ ಹೇಳಿದ್ರ ಅಲ್ಲ."

ಚಾಚಾನ ಅಂಗಡಿಯ ಕಾನೂನು ಇವಳಿಗೆ ಹೇಗೆ ಗೊತ್ತು? ನಾನು ಆ ಮಾತನ್ನು ಹೇಳಿರಲೇ ಇಲ್ಲ.

ಫೋನು ಬೆಚ್ಚಗಿತ್ತು. ಬೆರಳುಗಳು ಆವತ್ತಿನ ಹಾಗೇ ಬಿಗಿದುಕೊಂಡವು. ಆದರೆ ಈ ಸಲ ಬಾಯಿಯೂ ಕೈಯ ಜೊತೆ ನಿಂತಿತು.

"ಅಳಸಂಗಿಲ್ಲ," ಅಂದೆ.

"ವೈನೀ, ಅದು ನನ್ನ ಹೆಣ್ತಿ ದನಿ!"

"ನಿನ್ನ ಹೆಣ್ತಿ ಆದ್ರ ಏನಾತು? ದನಿ ಆಕಿದು. ಒಮ್ಮೆ ನಿಮ್ಮಪ್ಪನ ಮಾತಿಗೆ ಅಂಜಿ ಆಕಿ ಪಾಲಿಂದೂ ನಾನ ಅಳಸು ಅಂದೀನಿ. ಎಂಟು ದಿನ ಮಾತು ಬಿಟ್ಟಿದ್ಲು. ಇನ್ನೊಮ್ಮೆ ಅಂದ್ರ ಅಲ್ಲಿ ಹೋದ ಮ್ಯಾಲೆ ನನ್ನ ಮಾತಾಡ್ಸತಾಳೇನು? ಕೇಳಿದ್ದೀಯೇನು ನೀ ಅದನ್ನ?"

ಕೇಳಿರಲಿಲ್ಲ. ಮಂದಿ ಹೇಳಿದ್ದನ್ನಷ್ಟೇ ಕೇಳಿ ಬಂದಿದ್ದ. ಗೆಳತಿ ಸುಮ್ಮನೆ ಹಚ್ಚಿಬಿಟ್ಟಳು. ಮೈದುನ ಮುಖ ಗಂಟಿಕ್ಕಿಕೊಂಡು ನಿಂತ. ರೊಟ್ಟಿ ಹರಿದು, ಆ ನಗು ಬಂದಾಗ, ಗೋಡೆ ಹಿಡಿದುಕೊಂಡು ಕೌದಿಗೆ ಒರಗಿ ಕೂತ.

"ಆಕಿ ಹಿಂಗ ನಗತಿದ್ಲೇನು?" ಅಂದ.

"ನಿಮ್ಮ ಯಾರ ಮುಂದನೂ ನಕ್ಕಿಲ್ಲ," ಅಂದೆ.

ಅವನು ಒಪ್ಪಿದ ಎಂದು ನಾನು ಹೇಳುವುದಿಲ್ಲ. ಹೋಗುವಾಗಲೂ ಆ ಢಂ ಢಂ ತನಗೆ ಬೇಡ ಅಂದ. "ನಮಗ ಬೇಕು ಸಣ್ಣಜ್ಜಾ," ಅಂದಳು ಮೊಮ್ಮಗಳು. ಮೆಟ್ಟಿಲಿಳಿದವನು ತಿರುಗಿ ಬಂದು, ಆ ನಗು ಇರುವುದನ್ನು ತನ್ನ ಫೋನಿಗೆ ಹಾಕಿಕೊಡು ಅಂದ. ಹಾಕಿಕೊಟ್ಟರು.

ಹಾಡಿನ ಕೆಳಗೆ ಯಾರ ಯಾರ ಕೆಲಸವೆಂದು ಹೆಸರು ಬರೆಯುತ್ತಾರಂತೆ. "ರೆಕಾರ್ಡ್ ಮಾಡಿದವ್ರ ಹೆಸರೇನಜ್ಜಿ?" ಎಂದು ಕೇಳಿದರು. ಬಾಯಿ ತೆರೆದೆ… ನನಗೆ ಗೊತ್ತಿರಲಿಲ್ಲ. ಚಾಚಾ ಅಂತಲೇ ಬದುಕೆಲ್ಲ ನೆನೆದಿದ್ದೇನೆ. ಬಡದವರ ಹೆಸರ ಒಲಿಗಷ್ಟ ಗೊತ್ತ… ನಮ್ಮ ಹಾಡಿನ ಸಾಲು ನನಗೇ ಬಂದು ಬಡಿಯಿತು.

ಹೋದ ವಾರ ಮೂವರೂ ಮಾನ್ವಿಗೆ ಹೋಗಿದ್ದೆವು. ಬಸ್‌ಸ್ಟ್ಯಾಂಡಿನ ಎದುರು ಈಗ ಮೊಬೈಲಿನ ಕವರು ತೂಗುತ್ತವೆ. ಅಂಗಡಿಯ ಹಿಂದಿದ್ದ ಮನೆ ಇಲ್ಲ. ಕೇಳಿದವರೆಲ್ಲ ಒಂದೇ ಮಾತು ಹೇಳಿದರು: ಓ, ಟೇಪಿನ ಚಾಚಾ? ತೀರಿಕೊಂಡು ಬಹಳ ವರ್ಷ ಆತಲ್ಲವ್ವ. ಹೆಂಡತಿಯೂ ಇಲ್ಲ, ಮಕ್ಕಳಿರಲಿಲ್ಲ. ಹೆಸರು? ಚಾಚಾ ಅಂತಿದ್ವಿ… ಒಂದು ಊರಿನ ಹಾಡನ್ನೆಲ್ಲ ಕಾದಿಟ್ಟವರ ಹೆಸರನ್ನು ಆ ಊರಿನಲ್ಲಿ ಒಬ್ಬರೂ ಕೇಳಿಟ್ಟುಕೊಂಡಿರಲಿಲ್ಲ. ಅವರಲ್ಲಿ ನಾನೂ ಒಬ್ಬಳು.

"ಹಂಗಾರ ಹಂಗ ಬರೀತೀವಿ," ಅಂದಳು ಮೊಮ್ಮಗಳು. ಈಗ ಆ ಹಾಡನ್ನು ಯಾರೇ ತೆರೆದು ನೋಡಲಿ, ಕೆಳಗೆ ಬರೆದಿದೆ: ದನಿ ಹಿಡಿದು, ಅಳಿಯದಂತೆ ಕಾದವರು, ಮಾನ್ವಿಯ ಟೇಪಿನ ಅಂಗಡಿಯ ಚಾಚಾ.

ಆ ದಿನ ಬಿಸಿಲಲ್ಲಿ, ಅಂಗಡಿಯಿದ್ದ ಜಾಗದ ಮುಂದೆ ನಿಂತು ಹುಡುಗಿಯರು ಸಣ್ಣ ಸ್ಪೀಕರಿನಲ್ಲಿ ಹಾಡು ಹಚ್ಚಿದರು. ಹೋಗಿಬರುವವರು ನಿಂತು ನೋಡಿದರು. ನಾನು ತಲೆಯ ಮೇಲಿನ ಸೆರಗು ಭುಜಕ್ಕೆ ಇಳಿಸಿಕೊಂಡು, ಇಲ್ಲದ ಆ ಕೌಂಟರಿನ ಕಡೆ ತಿರುಗಿ, ಆವತ್ತು ಹೇಳಬೇಕಾಗಿದ್ದ ಮಾತನ್ನು ಎಲ್ಲರಿಗೂ ಕೇಳುವಂತೆ ಹೇಳಿದೆ.

"ಚಾಚಾ, ಅಳಸಬ್ಯಾಡ್ರಿ."