ಪ್ಯಾಂಟಿನ ಎರಡನೇ ಗೆರೆ

ತಳ್ಳುಗಾಡಿಯ ಮೇಲೆ ಬಟ್ಟೆ ಉಜ್ಜುವ ಆ ಹೆಂಗಸನ್ನು ಬೀದಿಯವರೆಲ್ಲ ಇಸ್ತ್ರಿ ಅಕ್ಕ ಅನ್ನುತ್ತಿದ್ದರು. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಎದುರಿಗೇ ಪೊಲೀಸ್ ಠಾಣೆ ಇದ್ದುದರಿಂದ ಗಾಡಿಯ ಮೇಲೆ ಸದಾ ಖಾಕಿಯ ರಾಶಿ. ಒಳಗೆ ಮನುಷ್ಯನೇ ಇಲ್ಲದ ಖಾಕಿಯನ್ನು ದಿನವಿಡೀ ಮಗುಚಿ ಹಾಕುವವಳಿಗೆ ಅದರ ಭಯ ಎಲ್ಲಿಂದ ಬರಬೇಕು? ಪಕ್ಕದಲ್ಲಿ ಬಟ್ಟೆ ಮಡಿಸುವ ಗಂಡನೇ ಅವಳ ಪಾಲಿನ ಭಯವನ್ನೂ ಸೇರಿಸಿ ಪಡುತ್ತಿದ್ದ.

ಠಾಣೆಯಲ್ಲಿ ಅವಳಿಗೆ ಅಚ್ಚುಮೆಚ್ಚಿನವನೆಂದರೆ ದಪ್ಪ ಪೇದೆ. ಸಾಹೇಬರ ಬಟ್ಟೆಯನ್ನೂ ತನ್ನದನ್ನೂ ಒಂದೇ ಗಂಟಿನಲ್ಲಿ ತಂದಿಟ್ಟು, "ಅಕ್ಕಾ, ಬಿಡುವಾದಾಗ ಮಾಡಿ" ಅನ್ನುತ್ತಿದ್ದ. ಸರ್ಕಾರದ ಸಂಬಳ ತಿನ್ನುವ ಬಾಯಲ್ಲಿ ಇಂಥ ಮಾತು ಹೇಗೆ ಉಳಿದುಕೊಂಡಿತೋ ಎಂದು ಅವಳಿಗೆ ಆಶ್ಚರ್ಯ. ಬಡ್ತಿಗಾಗಿ ಕಾದು ಕಾದು ಅವನ ಮೀಸೆಯೇ ನರೆತಿತ್ತು. ಈ ಸಲ ಪರೇಡ್ ನೋಡಲು ಬರುವ ದೊಡ್ಡ ಅಧಿಕಾರಿ ಮನಸ್ಸು ಮಾಡಿದರೆ ಆದೀತು ಎಂದು ಆಸೆ ಇಟ್ಟುಕೊಂಡಿದ್ದ.

ಪರೇಡಿಗೆ ಎರಡು ದಿನ ಇರುವಾಗ, ಠಾಣೆಗೆ ಹೊಸದಾಗಿ ಬಂದ ಸಾಹೇಬ ಗಾಡಿಯ ಮುಂದೆ ಜೀಪು ನಿಲ್ಲಿಸಿದ. ವಯಸ್ಸಿನಲ್ಲಿ ಅವಳ ಕಿರಿಮಗನ ಓರಗೆಯವನು.

"ಏ ಮುದುಕಿ, ಎತ್ತೇ ಈ ಡಬ್ಬಾನ. ನಿಮ್ಮಪ್ಪನ ರಸ್ತೆನಾ ಇದು?"

ಜೀಪಿನ ಹಿಂದೆ ಕೂತಿದ್ದ ದಪ್ಪ ಪೇದೆ ತಲೆ ತಗ್ಗಿಸಿದ. ಅಕ್ಕನ ಮೈಯೆಲ್ಲ ಉರಿದುಹೋಯಿತು. ಗಾಡಿ ಸರಿಸು ಅಂದದ್ದಕ್ಕಲ್ಲ, ಅದನ್ನು ದಿನಕ್ಕೆ ನಾಲ್ಕು ಜನ ಹೇಳುತ್ತಾರೆ. ಸತ್ತ ಅಪ್ಪನನ್ನು ನಡುಬೀದಿಗೆ ಎಳೆದದ್ದಕ್ಕೆ. ಆದರೂ "ಆಯ್ತು ಸ್ವಾಮಿ" ಅಂದು ಗಾಡಿಯನ್ನು ಮೂಲೆಗೆ ತಳ್ಳಿದಳು. ಅವಳು ಅಷ್ಟು ಮೆತ್ತಗೆ ಮಾತಾಡಿದ್ದು ಕಂಡು ಗಂಡನಿಗೆ ಎದೆ ಡವಡವ ಅಂದಿತು.

ಮರುದಿನ ಗಂಟು ಬಂತು. ಇಸ್ತ್ರಿಗೆ ಬರುವ ಖಾಕಿಯಲ್ಲಿ ಹೆಸರಿನ ಪಟ್ಟಿ, ನಕ್ಷತ್ರ ಯಾವುದೂ ಇರುವುದಿಲ್ಲ, ಎಲ್ಲ ಕಳಚಿಯೇ ಕೊಡುತ್ತಾರೆ. ಸೊಂಟದ ಅಳತೆಯಿಂದ ಗುರುತಿಸೋಣವೆಂದರೆ, ಹೊಟ್ಟೆಯ ಮಟ್ಟಿಗೆ ಸಾಹೇಬನೂ ಪೇದೆಯೂ ಸರಿಸಮಾನರು. ಒಂದು ಪ್ಯಾಂಟು ಹೊಚ್ಚ ಹೊಸದು, ಇನ್ನೊಂದರ ಮೊಣಕಾಲು ಮಾಸಿತ್ತು. ಹೊಸದು ಸಾಹೇಬನದಲ್ಲದೆ ಇನ್ಯಾರದು ಅಂದುಕೊಂಡಳು. ಅದರ ಎರಡೂ ಕಾಲಿಗೆ ಒಂದೊಂದು ಗೆರೆಯ ಬದಲು ಎರಡೆರಡು ಗೆರೆ ಎಳೆದು, ನೀರು ಚಿಮುಕಿಸಿ, ಅಲುಗಾಡದಂತೆ ಒತ್ತಿದಳು. ಮಡಿಸಿಟ್ಟರೆ ಕಾಣುವುದಿಲ್ಲ, ತೊಟ್ಟು ಬಿಸಿಲಿಗೆ ನಿಂತರೆ ಮುಚ್ಚಿಡಲಾಗುವುದಿಲ್ಲ.

ಪರೇಡಿನ ಬೆಳಿಗ್ಗೆ ಸಾಹೇಬನ ಅವಸ್ಥೆ ಕಣ್ತುಂಬ ನೋಡೋಣವೆಂದು ಠಾಣೆಯ ಬೇಲಿಗೆ ಹೋಗಿ ನಿಂತಳು. ಸಾಹೇಬ ಮಾಸಿದ ಪ್ಯಾಂಟಿನಲ್ಲಿ ನೆಟ್ಟಗೆ ನಿಂತಿದ್ದ. ಎರಡು ಗೆರೆಯ ಪ್ಯಾಂಟು ತೊಟ್ಟು ಬಂದ ತಪ್ಪಿಗೆ ಶಿಕ್ಷೆಯಾಗಿ ಅಂಗಳದ ಸುತ್ತ ಏದುಸಿರು ಬಿಡುತ್ತ ಓಡುತ್ತಿದ್ದವನು ದಪ್ಪ ಪೇದೆ. ಪರೇಡಿಗೆಂದೇ ಕೈಯಿಂದ ದುಡ್ಡು ಹಾಕಿ ಹೊಲಿಸಿದ ಹೊಸ ಪ್ಯಾಂಟು ಅವನದಾಗಿತ್ತು. ದೊಡ್ಡ ಅಧಿಕಾರಿ ಒಳಗೆ ಕೂತು, ಬಡ್ತಿಯ ಪಟ್ಟಿಯಿಂದ ಅವನನ್ನು ತೆಗೆಯಲು ಹೇಳುತ್ತಿದ್ದಾರೆಂದು ಬಾಗಿಲ ಕಾವಲಿನವನು ಪಿಸುಗುಟ್ಟಿದ.

ಬಟ್ಟೆ ನೋಡಿ ಮನುಷ್ಯನನ್ನು ಅಳೆಯುವವರನ್ನು ಜೀವಮಾನವಿಡೀ ಆಡಿಕೊಂಡು ನಕ್ಕವಳು ತಾನೇ ಆ ಕೆಲಸ ಮಾಡಿದ್ದಳು. ಕಾವಲಿನವನು ತಡೆಯುವಷ್ಟರಲ್ಲಿ ಸೀದಾ ಒಳಗೆ ನುಗ್ಗಿದಳು. ಸಾಹೇಬನೂ ಹಿಂದೆಯೇ ಓಡಿಬಂದ.

"ಸ್ವಾಮಿ, ಆ ಗೆರೆ ಹಾಕಿದ್ದು ನಾನು. ಬೇಕಂತಲೇ ಹಾಕಿದ್ದು. ಆದ್ರೆ ಅವನಿಗಲ್ಲ, ಇವರಿಗೆ."

ದೊಡ್ಡ ಅಧಿಕಾರಿ ಕನ್ನಡಕ ತೆಗೆದರು. "ಇವರಿಗೆ ಯಾಕಮ್ಮಾ?"

"ನಮ್ಮಪ್ಪ ಸತ್ತು ಎಷ್ಟೋ ವರ್ಷ ಆಯ್ತು. ಮೊನ್ನೆ ಇವರು ಅವನನ್ನ ಎಬ್ಬಿಸ್ಕೊಂಡು ಬಂದು ರಸ್ತೆ ಯಾರದ್ದು ಅಂತ ಕೇಳಿದ್ರು. ನನಗೇನು ಬೇಕಾದ್ರೂ ಮಾಡಿ. ಆ ಪೇದೆನ ಬಿಟ್ಬಿಡಿ."

ಸಾಹೇಬ ಅವಳ ಮುಖ ನೋಡಲಿಲ್ಲ. ಬಗ್ಗಿ ತನ್ನ ಪ್ಯಾಂಟಿನ ಗೆರೆ ಎಣಿಸಿದ. ದೊಡ್ಡ ಅಧಿಕಾರಿ ನಗು ತಡೆಯಲು ಕೆಮ್ಮಿ, ಹೆಸರು ಪಟ್ಟಿಯಲ್ಲೇ ಇರಲಿ, ಓಟ ನಿಲ್ಲಿಸಿ ಅಂದರು. ಅವಳ ಗಾಡಿ ಮಾತ್ರ ಠಾಣೆಯ ಎದುರು ಮತ್ತೆ ಕಾಣಬಾರದೆಂದೂ ಹೇಳಿದರು. ಅವಳು ಕೈಮುಗಿದು ಹೊರಬಂದಳು.

ಪೇದೆ ಗೋಡೆಗೆ ಒರಗಿ ನೀರು ಕುಡಿಯುತ್ತಿದ್ದ. ಅವನೆದುರು ನಿಂತು ನಡೆದದ್ದೆಲ್ಲ ಹೇಳಿದಳು. "ತಪ್ಪಾಯ್ತು ಕಣಪ್ಪಾ. ಅವನಾಡಿದ ಮಾತು ನನಗೆ ತಡ್ಕೊಳ್ಳೋಕೆ ಆಗ್ಲಿಲ್ಲ" ಅಂದಳು.

"ಇರ್ಲಿ ಬಿಡಿ ಅಕ್ಕಾ." ಅವನು ಲೋಟ ಕೆಳಗಿಟ್ಟು ಮುಖ ಒರೆಸಿಕೊಂಡ. "ನಿಮಗೆ ಒಂದು ದಿನ ಹಾಗಂದ್ರು. ನನಗೆ ದಿನಾ ಅಂತಾರೆ. ನಾನು ಯಾರ ಪ್ಯಾಂಟಿಗೆ ಗೆರೆ ಹಾಕ್ಲಿ?"