ಎರಡು ಸೀಟಿನ ನೌಕೆ

ಕಳೆದ ಭಾನುವಾರ ಕಮಲಾಪುರದಲ್ಲಿ ನಾನು ಸತ್ತೆ. ಬಾಹ್ಯಾಕಾಶದಲ್ಲಿ, ಉಸಿರುಗಟ್ಟಿ. (ಗಾಬರಿ ಬೇಡ, ಅಂಕಣ ನಾನೇ ಬರೆಯುತ್ತಿದ್ದೇನೆ.)

ನಿಜವಾದ ಗಾಬರಿ ಬೇರೆಯಿತ್ತು. ಕಲಬುರಗಿಯ ಗಾಜಿಪುರದ ಗೆಳತಿ ನಸ್ರೀನ್, ಫಿಸಿಕ್ಸ್ ಲೆಕ್ಚರರ್, ಒಂದು ಸೈನ್ಸ್ ಫಿಕ್ಷನ್ ಆಟದ ಪುಸ್ತಕ ಪ್ರಕಟಿಸಿದ್ದಾಳೆ. ಬೋರ್ಡಿಲ್ಲ, ಮೊಬೈಲಿಲ್ಲ. ಒಬ್ಬರು ಕಥೆ ಹೇಳಬೇಕು, ಉಳಿದವರು ಅದರ ಪಾತ್ರಗಳಾಗಿ 'ನಾನೀಗ ಹೀಗೆ ಮಾಡುತ್ತೇನೆ' ಎನ್ನಬೇಕು. ಗೆಲುವು, ಸೋಲು ದಾಳದ ಕೈಯಲ್ಲಿ. ಅದರ ರಿವ್ಯೂ ಈ ಅಂಕಣದಲ್ಲೇ ಬರಬೇಕಂತೆ.

"ಛಲೋ ಇಲ್ಲಂದ್ರ ಇಲ್ಲಂತ ಬರೀರಿ. ನೀವೂ ಸುಳ್ಳ ಹೊಗಳಿದ್ರ ನಾ ಇನ್ನೊಂದ್ ಬರ್ಯಾಂಗಿಲ್ಲ" ಎಂದಿದ್ದಳು.

ಗೆಳತಿಯ ಬಗ್ಗೆ ಸತ್ಯ ಬರೆಯುವುದು ಸುಲಭವೇ?

ಆಡದೆ ಬರೆಯುವಂತಿಲ್ಲ. ಕಮಲಾಪುರದ ಶಿವಲೀಲಾಳ ಮನೆಯಲ್ಲಿ ಕೂತೆವು. ಆಡುವವರು ಶಿವಲೀಲಾ, ನಸ್ರೀನಳ ತಮ್ಮ ರಫೀಕ್, ನಾನು. ಕಥೆ ಹೇಳುವವಳು ನಸ್ರೀನ್. ಮೊದಲ ಅಧ್ಯಾಯದಲ್ಲೇ ನಮ್ಮ ನೌಕೆ ಒಡೆಯಿತು. ಪಾರಾಗಲು ಪುಟ್ಟ ನೌಕೆಯೊಂದಿದೆ, ಎರಡೇ ಸೀಟು. ಅವಳು ಮರಳು ಗಡಿಯಾರ ತಿರುಗಿಸಿಟ್ಟಳು.

"ನೀವ್ ಹತ್ರಿ ಆಪಾ" ಎಂದ ರಫೀಕ್; ನಾನವನಿಗೆ ಅಕ್ಕನ ಸಮಾನ.

"ಅಯ್ಯ, ಮನಿಗಿ ಬಂದವ್ರು ನೀವು. ನೀವ್ ಮೊದ್ಲ!" ಎಂದಳು ಶಿವಲೀಲಾ.

"ಹಂಗೆಲ್ಲ ಆಗಂಗಿಲ್ಲ, ನೀವಿಬ್ರೂ ಹೋಗ್ರಿ" ಎಂದೆ ನಾನು.

ತಟ್ಟೆಯಲ್ಲಿ ಕೊನೆಯ ಕೆಂಪು ಬಾಳೆಹಣ್ಣೊಂದು ಇದೇ ಉಪಚಾರಕ್ಕೆ ಸಿಕ್ಕಿ ಆಗಲೇ ಅನಾಥವಾಗಿತ್ತು. ಮರಳು ಇಳಿಯುತ್ತಿತ್ತು. ನನ್ನ ಎದೆ ನಿಜಕ್ಕೂ ಹೊಡೆದುಕೊಳ್ಳುತ್ತಿತ್ತು, ಬಾಯಿ ಮಾತ್ರ 'ನೀವು, ನೀವು' ಎನ್ನುತ್ತಿತ್ತು.

ಮರಳು ಮುಗಿಯಿತು. ಎರಡೂ ಸೀಟು ಖಾಲಿ, ಮೂವರೂ ಖಲಾಸ್.

ನಸ್ರೀನಳ ಮುಖ ಬಾಡಿತು. "ಒಬ್ರನ್ನ ಬಿಟ್ಟು ಬಂದವ್ರು ಆಮ್ಯಾಲ ಹ್ಯಾಂಗ್ ಬದುಕ್ತಾರ, ಅದ ನೋಡ್ರಿ ಎರಡನೇ ಅಧ್ಯಾಯ. ಎಲ್ಲಾರೂ ಸತ್ರ ಮುಂದ ಹ್ಯಾಂಗ್ ಆಡ್ತೀರಿ?"

ನನ್ನ ತೀರ್ಪು ಅಲ್ಲೇ ಸಿದ್ಧವಾಯಿತು: ಬರವಣಿಗೆ ಚುರುಕು, ಆದರೆ ಲೇಖಕಿಗೆ ಮನುಷ್ಯರ ಮೇಲೆ ನಂಬಿಕೆ ಕಡಿಮೆ. ನಮ್ಮ ಜನ ಒಬ್ಬರನ್ನು ಬಿಟ್ಟು ಹೋಗುವವರಲ್ಲ. ಇದನ್ನು ಅವಳಿಗೆ ಹೇಗೆ ಹೇಳಲಿ ಎಂದು ಬಸ್ ಸ್ಟ್ಯಾಂಡಿನವರೆಗೂ ಚಡಪಡಿಸಿದೆ.

ನಾನು, ರಫೀಕ್, ನಸ್ರೀನ್ ಮರಳಬೇಕಿದ್ದ ಕಲಬುರಗಿ ಬಸ್ ಬಂತು. ಅಬ್ಬಾ, ಆ ಜನ! ಅದು ನಿಲ್ಲುವ ಮೊದಲೇ ರಫೀಕ್ ಕಿಟಕಿಯೊಳಗೆ ಕರ್ಚೀಫ್ ಎಸೆದ. ನಾನು ವ್ಯಾನಿಟಿ ಬ್ಯಾಗನ್ನೇ ತೂರಿದೆ. ಮೊಣಕೈ ಆಡಿಸಿ ಹತ್ತಿ, ಸೀಟಿನಲ್ಲಿ ಕೂತು, ಉಸ್ಸೆಂದೆವು.

ನಸ್ರೀನ್?

ಕಿಟಕಿಯಾಚೆ, ಪುಸ್ತಕ ಎದೆಗವಚಿಕೊಂಡು ನಿಂತಿದ್ದಳು. ಕಂಡಕ್ಟರ್ "ರೈಟ್" ಎಂದ. ಇಳಿಯಬೇಕಿತ್ತು. ನಾನು ರಫೀಕನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇಬ್ಬರೂ ಏಳಲಿಲ್ಲ.

ಅರ್ಧ ದಾರಿಯಲ್ಲಿ ಅವಳ ಫೋನ್. "ಮುಂದಿನ ಬಸ್ಸಿಗಿ ಬರ್ತೇನ್ರೀ, ಚಿಂತಿ ಮಾಡಬ್ಯಾಡ್ರಿ. ರಿವ್ಯೂದಾಗ ಖರೇನ ಬರೀರಿ."

ಖರೇನೇ ಬರೆಯುತ್ತೇನೆ, ನಸ್ರೀನ್: ಪುಸ್ತಕ ಸರಿಯಾಗಿದೆ, ನಾನೀಗ ಎರಡನೇ ಅಧ್ಯಾಯದಲ್ಲಿದ್ದೇನೆ.